ಕಾಲು ಮುಂದಾಗಿ ಹುಟ್ಟಿದವಳ ಸೊಂಟ

ಅಥವಾ ಅದು ಶುರುವಾದದ್ದು ಬಚ್ಚಲಿನಲ್ಲಿ ಅಲ್ಲವೇನೋ. ಎಲ್ಲರಿಗೂ ಬಚ್ಚಲಿನಲ್ಲಿ ಎಂದೇ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಈಗ ನನಗೂ ಹಾಗೆಯೇ ಕಾಣುತ್ತದೆ: ಚಾಚಿದ ಕಾಲು, ಕಾಲ ಮೇಲೆ ಎಣ್ಣೆ ಹಚ್ಚಿದ ಕೂಸು, ಬಗ್ಗಿದ ನಾನು, ಸೊಂಟದಲ್ಲಿ ಚಳಕು. ಆದರೆ ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ಸೂಟ್‌ಕೇಸನ್ನು ಬಸ್ಸಿನ ಡಿಕ್ಕಿಗೆ ಏರಿಸುವಾಗಲೂ ಏನೋ ಜಗ್ಗಿದ ನೆನಪಿದೆ. ವಿಮಾನದಲ್ಲಿ ಇಬ್ಬರು ಗಂಡಸರ ನಡುವಿನ ಸೀಟಿನಲ್ಲಿ, ಎರಡೂ ಮೊಣಕೈ ಒಳಗೆಳೆದುಕೊಂಡು ಹತ್ತು ತಾಸು ಕೂತಾಗ ಸೊಂಟ ಮರಗಟ್ಟಿದ್ದೂ ನಿಜ. ಮೂರರಲ್ಲಿ ಯಾವುದು? ನೆನಪು ಯಾವಾಗಲೂ ಚಂದ ಕಾಣುವುದನ್ನೇ ಆರಿಸಿಕೊಳ್ಳುತ್ತದೆ. ಕೂಸಿರುವುದು ಚಂದ. ಆದ್ದರಿಂದ ಬಚ್ಚಲು.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಸೊಂಟ ತೋರಿಸಲು ಹೋದಲ್ಲಿ ಕೊಟ್ಟ ಅರ್ಜಿಯಲ್ಲಿ ‘ಹೇಗಾಯಿತು’ ಎಂಬುದಕ್ಕೆ ಬಿಟ್ಟದ್ದು ಒಂದೇ ಗೆರೆ.

ಟಿಮರು

ಹೋದದ್ದು ನ್ಯೂಜಿಲೆಂಡಿನ ಟಿಮರು ಎಂಬ ಊರಿಗೆ. ಸಮುದ್ರದ ಪಕ್ಕದ ಊರು. ಜೂನ್ ತಿಂಗಳಲ್ಲಿ ಚಳಿ. ನಮ್ಮಲ್ಲಿ ಬಿತ್ತನೆ ನಡೆಯುವಾಗ ಅಲ್ಲಿ ಮರಗಳು ಬೋಳು. ತಂಗಿ ರೇಣುಕಾ ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ನರ್ಸು. ಅವಳ ಗಂಡ ಮಂಜುನಾಥ ಹಡಗಲಿ ತಾಲೂಕಿನ ಹೊಳಲಿನವನು, ಹಾಲಿನ ಟ್ಯಾಂಕರ್ ಓಡಿಸುತ್ತಾನೆ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಕೂಸು. ಅವ್ವ ತೀರಿಕೊಂಡಿದ್ದಾಳೆ, ಹಾಗಾಗಿ ಬಾಣಂತನಕ್ಕೆ ನಾನು. ಆರು ವಾರದ ರಜೆ.

ನಿಜ ಹೇಳಬೇಕೆಂದರೆ ನಾನು ಹೋದದ್ದು ಕೂಸಿಗೆ ನೀರೆರೆಯಲು. ಉಳಿದ ಕೆಲಸಕ್ಕೆಲ್ಲ ಅಲ್ಲಿ ಯಂತ್ರಗಳಿವೆ. ಬಟ್ಟೆ ಒಣಗಿಸಲೂ ಒಂದು ಯಂತ್ರ. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿ, ಎಣ್ಣೆ ತಿಕ್ಕಿ ನೀರು ಹಾಕುವ ಯಂತ್ರ ಮಾತ್ರ ಬಂದಿಲ್ಲ.

ಈ ಕೂಸು ಹೊಟ್ಟೆಯಲ್ಲಿ ಕೊನೆಯವರೆಗೂ ಕಾಲು ಕೆಳಗೆ ಮಾಡಿಕೊಂಡೇ ಇತ್ತು. ಅದಕ್ಕೇ ಆಪರೇಷನ್ ಮಾಡಿ ತೆಗೆದರು. ಸ್ಕ್ಯಾನಿಂಗ್ ಮಾಡಿಸಿದ ದಿನವೇ ಫೋನಿನಲ್ಲಿ ರೇಣುಕಾ ಅಂದಿದ್ದಳು, “ಕಾಲು ಮುಂದ ಐತಂತ ಅಕ್ಕಾ. ನಿನ್ನಂಗ.”

ನನ್ನ ಹಾಗೆ. ಕಾಲು ಮುಂದಾಗಿ ಹುಟ್ಟಿದವರು ಸೊಂಟ ಹಿಡಿದವರಿಗೆ ಕಾಲು ತಾಗಿಸಿದರೆ ಹಿಡಿತ ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಕೊಟ್ಟೂರಿನಲ್ಲಿ ನಾನು ಚಿಕ್ಕವಳಿದ್ದಾಗ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಯಾರಾದರೂ ಬಾಗಿಲಲ್ಲಿ ಬಗ್ಗಿಕೊಂಡು ನಿಂತಿರುತ್ತಿದ್ದರು. ಅವ್ವ ನನ್ನನ್ನು ಎಬ್ಬಿಸುವಳು. ಕಣ್ಣು ಮುಚ್ಚಿಕೊಂಡೇ ಎಡಗಾಲಿನಿಂದ ಮೂರು ಸಲ ಸೊಂಟಕ್ಕೆ ತಾಗಿಸಿ ಮತ್ತೆ ಮಲಗುತ್ತಿದ್ದೆ. ಈಗ ಕೂಡ್ಲಿಗಿ ಕಡೆಯ ಒಂದು ಸರಕಾರಿ ಆಸ್ಪತ್ರೆಯಲ್ಲಿ ಔಷಧ ಕೊಡುವ ಕಿಟಕಿಯ ಹಿಂದೆ ಇಪ್ಪತ್ತಾರು ವರ್ಷದಿಂದ ಕೂರುತ್ತೇನೆ. ನೋವಿನ ಮಾತ್ರೆ ತೆಗೆದುಕೊಂಡವರು ಅಲ್ಲಿಂದ ಹೋಗುವುದಿಲ್ಲ. “ಅಕ್ಕಾರ, ಹಂಗ ಹೊರಗ ಬಂದು ಒಂದೀಟು ಕಾಲು ತಾಗಸ್ರಿ” ಎನ್ನುತ್ತಾರೆ. ನಂಬಿಕೆ ಇದೆಯೇ ಎಂದು ನನ್ನನ್ನು ಯಾರೂ ಕೇಳಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಚಪ್ಪಲಿ ಬಿಡುತ್ತೇನೆ, ತಾಗಿಸುತ್ತೇನೆ, ಮತ್ತೆ ಕಿಟಕಿಗೆ ಬರುತ್ತೇನೆ.

ಬಚ್ಚಲು, ನಾಲ್ಕನೆಯ ದಿನ

ಅವರ ಬಚ್ಚಲು ಒಂದು ಗಾಜಿನ ಕಪಾಟು. ಒಬ್ಬರು ನಿಂತು ಮೀಯುವಷ್ಟು ಜಾಗ. ಅದರಲ್ಲಿ ಮಣೆ ಹಾಕಿಕೊಂಡು ಕಾಲು ಚಾಚಿದರೆ ಪಾದಗಳು ಹೊರಗಿನ ಚಾಪೆಯ ಮೇಲೆ. ಮೂರು ದಿನ ಹಾಗೇ ನಡೆಯಿತು. ನಾಲ್ಕನೆಯ ದಿನ ಕೂಸಿನ ಬೆನ್ನಿಗೆ ನೀರು ಹಾಕಿ, ತಿರುಗಿಸಲು ಬಗ್ಗಿದೆ. ಮೇಲೇಳಲು ಆಗಲಿಲ್ಲ. ಕೆಳಗೂ ಆಗಲಿಲ್ಲ. ಕೂಸು ಎಣ್ಣೆಯಿಂದ ಜಾರುತ್ತಿತ್ತು. ಎರಡೂ ಕೈಯಿಂದ ಅದರ ಕಂಕುಳು ಹಿಡಿದುಕೊಂಡು ಕೂಗಿದೆ.

ಮಂಜುನಾಥ ಓಡಿ ಬಂದು ಕೂಸನ್ನು ತೆಗೆದುಕೊಂಡ. ನನ್ನನ್ನು ಎಬ್ಬಿಸಲು ರೇಣುಕಾಳಿಗೆ ಆಪರೇಷನ್ನಿನ ಹೊಲಿಗೆ, ಅವನಿಗೆ ಸಂಕೋಚ. ಅವನು ಒಂದು ಟವೆಲ್ಲಿನ ತುದಿ ಕೊಟ್ಟು ಎಳೆದ.

“ಅಕ್ಕಾರ, ಹಿಂಗ ಬಾವ್ಯಾಗಿನ ಕೊಡ ಎತ್ತಿದಂಗ ಆತಲ್ರಿ,” ಅಂದ.

“ಸುಮ್ನ ಎಳಿಯಪಾ,” ಅಂದೆ.

ಅಲ್ಲಿ ಸೂಲಗಿತ್ತಿ ಮನೆಗೇ ಬಂದು ಬಾಣಂತಿಯನ್ನು ನೋಡುತ್ತಾಳೆ. ಅವತ್ತು ಬಂದವಳು ನಾನು ಗೋಡೆ ಹಿಡಿದು ನಡೆಯುವುದನ್ನು ನೋಡಿ, ಯಾರಿಗಾದರೂ ತೋರಿಸುವವರೆಗೆ ಕೂಸನ್ನು ಎತ್ತಬೇಡಿ ಎಂದಳು. ಬಹಳ ಮೃದುವಾಗಿ ಹೇಳಿದಳು. ನನಗೆ ಕೆಲಸದಿಂದ ತೆಗೆದುಹಾಕಿದ ಹಾಗಾಯಿತು. ರೇಣುಕಾ ಮರುದಿನ ಕೂಸನ್ನು ಒಂದು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಇಳಿಸಿ, ಹೊಟ್ಟೆ ಹಿಡಿದುಕೊಂಡು, ತಾನೇ ತೊಳೆದಳು. ನಾನು ಕುರ್ಚಿಯಲ್ಲಿ ಕೂತು ನೋಡಿದೆ. ಇಷ್ಟು ದೂರ ಬಂದು ಅವಳ ಮನೆಗೆ ಇನ್ನೊಬ್ಬ ರೋಗಿ ಆದೆ.

“ನಮ್ ಡ್ರೈವರ್‌ಗಳೆಲ್ಲ ಒಬ್ಬನ ಹತ್ರ ಹೋಗ್ತಾರ್ರಿ. ಕೈರೋಪ್ರಾಕ್ಟರ್ ಅಂತಾರ. ಎಲುಬು ಅಡ್ಜಸ್ಟ್ ಮಾಡ್ತಾನ,” ಅಂದ ಮಂಜುನಾಥ.

“ಅಡ್ಜಸ್ಟ್ ಮಾಡಾಕ ನನ್ನ ಎಲುಬೇನು ಬಸ್ಸಿನ ಸೀಟಾ?”

“ಹೋಗಿ ನೋಡೂಣ್ರಿ. ಕೂಸು ಎತ್ತಬೇಕೋ ಬ್ಯಾಡೋ?”

ಎತ್ತಬೇಕು ಎಂದೆ.

ಕಾಯುವ ಕೋಣೆ

ಮೇಜಿನ ಹಿಂದಿದ್ದ ಹೆಂಗಸು ಎದ್ದು ಬಂದಾಗ ನೋಡಿದೆ, ಬರಿಗಾಲು. ಹೊರಗೆ ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿತ್ತು. ಆ ದೇಶದಲ್ಲಿ ಜನ ಬರಿಗಾಲಲ್ಲಿ ದಿನಸಿ ಅಂಗಡಿಗೆ ಬರುತ್ತಾರೆ, ಬ್ಯಾಂಕಿಗೂ ಬರುತ್ತಾರೆ. ನಮ್ಮಲ್ಲಿ ಬರಿಗಾಲಿನವನನ್ನು ಕಂಡರೆ ಹರಕೆಯೋ ಬಡತನವೋ ಎಂದು ಯೋಚಿಸುತ್ತೇವೆ. ಅಲ್ಲಿ ಎರಡೂ ಅಲ್ಲ. ಕಾಲಿಗೆ ಹಿತ ಅನಿಸುತ್ತದಂತೆ, ಅಷ್ಟೆ.

ಅರ್ಜಿ ಕೊಟ್ಟಳು. ಅಪಘಾತವಾದರೆ ಚಿಕಿತ್ಸೆಯ ಖರ್ಚಿನಲ್ಲಿ ಸರಕಾರದ ಪಾಲು ಇರುವುದರಿಂದ, ಆ ದೇಶದಲ್ಲಿ ಸೊಂಟ ಹಿಡಿದರೂ ಅದು ಅಪಘಾತವೋ ಎಂದು ಕೇಳುತ್ತಾರೆ. ಯಾವ ದಿನ, ಎಲ್ಲಿ, ಏನು ಮಾಡುತ್ತಿದ್ದಾಗ. ನಾನು ಬಚ್ಚಲು ಎಂದು ಬರೆದೆ. ಹೊಡೆದುಹಾಕಿ ಸೂಟ್‌ಕೇಸ್ ಎಂದು ಬರೆದೆ. ಅದನ್ನೂ ಹೊಡೆದೆ. ಇಪ್ಪತ್ತಾರು ವರ್ಷ ಮೂಟೆ, ಡಬ್ಬಿ, ಪೆಟ್ಟಿಗೆ ಎತ್ತಿ ಇಳಿಸಿದ್ದನ್ನು ಯಾವ ದಿನಾಂಕಕ್ಕೆ ಬರೆಯುವುದು? ಮಂಜುನಾಥ ಪಕ್ಕದಿಂದ ಇಣುಕಿದ.

“ಒಂದ ಬರೀರಿ ಅಕ್ಕಾರ. ಅವರಿಗೆ ಒಂದ ಸಾಕು.”

ಕೊನೆಗೆ ಬಚ್ಚಲು. ಹೀಗೆ ಅದು ಅಧಿಕೃತವಾಯಿತು.

ತೂತಿನ ಮೇಜು

ಆತನ ಹೆಸರು ಕ್ರೇಗ್. ನನಗಿಂತ ಚಿಕ್ಕವನು, ಬಾಗಿಲ ಚೌಕಟ್ಟಿನಷ್ಟು ಎತ್ತರ, ಆ ಚಳಿಯಲ್ಲೂ ಚಡ್ಡಿ. ಶೂ ಇಲ್ಲ, ಉಣ್ಣೆಯ ಕಾಲುಚೀಲ. ಬೂದು ಬಣ್ಣದ್ದು ಎಂದು ಬರೆಯಹೊರಟಿದ್ದೆ. ಬಣ್ಣ ನೆನಪಿಲ್ಲ, ಎಡಗಾಲಿನ ಹೆಬ್ಬೆರಳ ಹತ್ತಿರ ತೂತು ಇದ್ದದ್ದು ನೆನಪಿದೆ. ಅಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು. ನನಗೆ ಅದು ಬಾರದು. “ಡಾಕ್ಟ್ರೆ” ಎಂದೇ ಕರೆದೆ.

ಹೋಗುವವರಿಗೆ ಹೇಳುತ್ತೇನೆ: ಹೋದ ತಕ್ಷಣ ಎಲುಬು ಮುರಿಯುವುದಿಲ್ಲ. ಮೊದಲು ಬರಿಯ ಪ್ರಶ್ನೆ. ಕಾಲು ಜೋಮು ಹಿಡಿಯುತ್ತದೆಯೇ, ಮೂತ್ರ ಹತೋಟಿ ತಪ್ಪಿದೆಯೇ, ಜ್ವರ ಇದೆಯೇ, ಕಾರಣವಿಲ್ಲದೆ ತೂಕ ಇಳಿದಿದೆಯೇ, ಯಾವ ಮಾತ್ರೆ ನುಂಗುತ್ತೀರಿ. ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ ಅವನು ಕೈ ಹಚ್ಚದೆ ಆಸ್ಪತ್ರೆಗೆ ಕಳಿಸುವವನಿದ್ದ ಎಂದು ನನಗೆ ಅರ್ಥವಾಯಿತು. ಕಿಟಕಿಯ ಹಿಂದೆ ಕೂತು ಅಷ್ಟು ಕಲಿತಿದ್ದೇನೆ. ಆಮೇಲೆ ನಡೆಸಿದ, ಬಗ್ಗಿಸಿದ, ಮಲಗಿಸಿ ಒಂದೊಂದೇ ಕಾಲು ಎತ್ತಿದ, ಮಂಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದ. ಕುತ್ತಿಗೆಯನ್ನೂ ನೋಡಬಹುದು, ಆದರೆ ಕುತ್ತಿಗೆಗೆ ಮಾಡುವುದರಲ್ಲಿ ಅಪರೂಪಕ್ಕೆ ದೊಡ್ಡ ಅಪಾಯ ಇದೆ ಎಂದು ಅವನೇ ಹೇಳಿದ. ಕುತ್ತಿಗೆ ಬೇಡ ಎಂದೆ. ಒಪ್ಪಿದ, ಬರೆದುಕೊಂಡ, ನನ್ನ ಸಹಿ ಹಾಕಿಸಿಕೊಂಡ.

ಮೇಜಿನ ಒಂದು ತುದಿಯಲ್ಲಿ ಮುಖ ಇಡಲು ತೂತು. ಅದರಲ್ಲಿ ಮುಖ ಇಟ್ಟರೆ ಕಾಣುವುದು ನೆಲ ಮತ್ತು ವೈದ್ಯನ ಕಾಲು. ಅವನು ಬೆನ್ನಿನ ಮೇಲೆ ಬೆರಳಿಟ್ಟು ಒಂದೊಂದೇ ಗಂಟನ್ನು ಒತ್ತುತ್ತ ಇಳಿದ. ನಂತರ ಬಲಮಗ್ಗುಲಿಗೆ ಮಲಗಲು ಹೇಳಿ, “ಈಗ ನಿಮ್ಮನ್ನು ಅಡ್ಜಸ್ಟ್ ಮಾಡುತ್ತೇನೆ” ಎಂದ.

ನಾನು ಸರಿದೆ.

ಅವನು ತಡೆದು ನಿಂತ. ಮತ್ತೆ ಮೊದಲಿನ ಜಾಗಕ್ಕೆ ನನ್ನನ್ನು ಕರೆದ. ಮತ್ತೆ ಅದೇ ಮಾತು. ಮತ್ತೆ ಸರಿದೆ, ಈ ಸಲ ಇನ್ನೂ ಅಂಚಿಗೆ. ಇಷ್ಟು ದೊಡ್ಡ ಆಳು, ಜಾಗ ಬೇಕಲ್ಲ. ಮೂರನೆಯ ಸಲ ಒಂದು ಮೊಣಕಾಲು ಮೇಜಿನ ಹೊರಗೆ ತೂಗಿತು. ಮೂಲೆಯ ಕುರ್ಚಿಯಲ್ಲಿದ್ದ ಮಂಜುನಾಥ ತಡೆಯಲಾರದೆ ನಕ್ಕುಬಿಟ್ಟ.

“ಅಕ್ಕಾರ, ಸರೀಬ್ಯಾಡ್ರಿ! ಅವ ಕುಂದ್ರಾಕ ಜಾಗ ಕೇಳಾಕತ್ತಿಲ್ಲ!”

ನಲವತ್ತು ವರ್ಷದಿಂದ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಬಸ್ಸುಗಳಲ್ಲಿ ಆ ಮಾತು ಕೇಳಿದ ತಕ್ಷಣ ಸರಿದಿದ್ದೇನೆ. ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ, ಅರ್ಧ ಸೊಂಟ ಒಳಗೆ ಅರ್ಧ ಹೊರಗೆ. ಬಹುಶಃ ಅರ್ಜಿಯಲ್ಲಿ ಬರೆಯಬೇಕಾಗಿದ್ದದ್ದು ಇದನ್ನೇ.

ಅವನು ನನ್ನ ಮೇಲಿನ ಮೊಣಕಾಲನ್ನು ಮಡಚಿಸಿ, ಹೆಗಲನ್ನು ಹಿಂದಕ್ಕೆ ಹಿಡಿದು, ಉಸಿರು ಬಿಡಿ ಎಂದು ಒಮ್ಮೆಲೇ ಒತ್ತಿದ. ಹಸಿ ದಂಟಿನಿಂದ ಮೆಕ್ಕೆಜೋಳದ ತೆನೆ ಮುರಿದಂಥ ಸದ್ದು. ನೋವಾಗಲಿಲ್ಲ, ಭಯವಾಯಿತು. ಎಲುಬು ತನ್ನ ಜಾಗಕ್ಕೆ ಬಂತೇ ಎಂದು ಕೇಳಿದೆ. ಎಲುಬು ಎಲ್ಲಿಗೂ ಹೋಗಿರಲಿಲ್ಲ ಎಂದ. ಆ ಸದ್ದು ಕೀಲಿನೊಳಗಿನ ಗಾಳಿಗುಳ್ಳೆಯದಂತೆ. ನನಗೆ ಸ್ವಲ್ಪ ನಿರಾಸೆಯಾಯಿತು.

ಏನಾದರೂ ಕೇಳುವುದಿದೆಯೇ ಎಂದ. ಇತ್ತು. ಮಂಜುನಾಥನಿಗೆ ಕನ್ನಡದಲ್ಲಿ ಹೇಳಿ, ಕೇಳು ಎಂದೆ.

“ಅದನ್ನ ಕೇಳಬ್ಯಾಡ್ರಿ, ಮರ್ಯಾದಿ ಹೋಗ್ತೈತಿ.”

“ಯಾರದು?”

“ನಂದು! ನಾ ಮತ್ತ ಇಲ್ಲೇ ಬರಬೇಕಲ್ರಿ.”

ನಾನೇ ನನ್ನ ಇಂಗ್ಲಿಷಿನಲ್ಲಿ ಕೇಳಿದೆ: ನೀವು ಹುಟ್ಟುವಾಗ ಮೊದಲು ಹೊರಗೆ ಬಂದದ್ದು ಕಾಲೋ ತಲೆಯೋ? ಯಾಕೆ ಎಂಬುದನ್ನೂ ವಿವರಿಸಿದೆ. ಕ್ರೇಗ್ ನಗಲಿಲ್ಲ. ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿಲ್ಲ, ಅಮ್ಮನನ್ನು ಕೇಳಿ ಹೇಳುತ್ತೇನೆ ಎಂದ. ಇವತ್ತು, ನಾಳೆ ನೋವು ಹೆಚ್ಚಬಹುದು, ಮಲಗಿಯೇ ಇರಬೇಡಿ, ಅಷ್ಟಷ್ಟು ನಡೆಯಿರಿ ಎಂದು ಬಾಗಿಲವರೆಗೆ ಬಂದ.

ಕೊಟ್ಟೂರಿಗೆ ಫೋನು

ನೋವು ಅವನು ಹೇಳಿದಂತೆಯೇ ಹೆಚ್ಚಿತು. ನಡೆಯಿರಿ ಎಂದದ್ದನ್ನು ಮರೆತು ಅಂಗಾತ ಮಲಗಿದೆ. ಮಂಜುನಾಥ ಕೆಲಸಕ್ಕೆ ಹೊರಟವನು ಬಾಗಿಲಲ್ಲಿ ನಿಂತು, “ನಮ್ಮ ಹೊಳಲಿನಾಗ ದೇವ್ರೂ ಹಿಂಗ ಮಲಗ್ಯಾನ್ರಿ, ಯಾವ ಕಾಲದಿಂದ್ಲೋ. ಅವನಿಗೂ ಸೊಂಟ ಹಿಡಿದಿರಬೇಕು, ನಾವು ಅನಂತಶಯನ ಅಂತ ಕೈ ಮುಗಿಯಾಕತ್ತೀವಿ,” ಅಂದ. ನಗಲು ಹೋಗಿ ಸೊಂಟ ಚುಚ್ಚಿತು.

ಮಲಗಿದ್ದಾಗ ಕ್ರೇಗ್‌ನ ಮಾತು ತಲೆಯಲ್ಲಿ ಉಳಿಯಿತು. ಅವನಿಗೆ ಕೇಳಲು ಅಮ್ಮ ಇದ್ದಾಳೆ. ನಾನು ಅವ್ವನನ್ನು ಒಮ್ಮೆಯೂ ಕೇಳಿರಲಿಲ್ಲ. ಕೊಟ್ಟೂರಿನಲ್ಲಿ ಬೆಳಗಾಗುವ ಹೊತ್ತು ನೋಡಿಕೊಂಡು ದೊಡ್ಡವ್ವನಿಗೆ ಫೋನು ಮಾಡಿದೆ.

“ದೊಡ್ಡವ್ವಾ, ನಾ ಹುಟ್ಟುವಾಗ ನೀ ಅಲ್ಲೇ ಇದ್ದೆಲ್ಲ?”

“ಇದ್ದೆ. ಈಗ್ಯಾಕ ಅದು?”

“ನಾ ಕಾಲು ಮುಂದ ಬಂದಿದ್ನೇನು?”

“ನಿಮ್ಮಿಬ್ರೊಳಗ ಒಬ್ಬಾಕಿ ಕಾಲು ಮುಂದ. ಅದು ಖರೆ. ಸೂಲಗಿತ್ತಿ ಬೆವತು ನೀರಾಗಿದ್ಲು.”

“ಯಾರಂತ ಹೇಳು.”

“ನೀನ ಇರಬೇಕು. ಊರ ಮಂದಿ ನಿನ್ನ ಹತ್ರನ ಬರ್ತಿದ್ರಲ್ಲ.”

“ಅವರು ಬರ್ತಿದ್ದದ್ದು ನಾ ಹಂಗ ಹುಟ್ಟೀನಿ ಅಂತ ನೀವು ಹೇಳಿದ್ದಕ್ಕ!”

“ಮತ್ತ? ನಾನೂ ಅದನ್ನ ಹೇಳಾಕತ್ತೀನಿ,” ಎಂದು ದೊಡ್ಡವ್ವ ಹಾಲಿನವ ಬಂದನೆಂದು ಫೋನಿಟ್ಟಳು.

ರೇಣುಕಾ ಪಕ್ಕದ ಮಂಚದಲ್ಲಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು:

“ಅದು ನಾನು.”

“ಏನು?”

“ಕಾಲು ಮುಂದ ಹುಟ್ಟಿದಾಕಿ. ಅವ್ವ ನನಗ ಹೇಳಿದ್ಲು, ನಾ ಆರನೇ ಕ್ಲಾಸಿನಾಗಿದ್ದಾಗ. ಅಕ್ಕನ ಕಾಲಿಗೆ ಊರಾಗ ಹೆಸರು ಬಂದೈತಿ, ಈಗ ಆಕಿ ಅಲ್ಲ ಈಕಿ ಅಂದ್ರ ಮಂದಿ ನಗ್ತಾರ, ಸುಮ್ನಿರು ಅಂದ್ಲು.”

“ಏ ರೇಣಿ, ಸುಳ್ಳು ಹೇಳಬ್ಯಾಡ. ಹಂಗಾದ್ರ ಫೋನಿನಾಗ ‘ನಿನ್ನಂಗ’ ಅಂತ ಯಾಕ ಅಂದಿ?”

“ರೂಢಿ ಆಗೇತಿ. ಇಷ್ಟು ವರ್ಷ ಹಂಗ ಅಂದೀನಿ. ನಿನಗ ಕಾಯಿ ಬೆಲ್ಲ ತಂದು ಕೊಡ್ತಿದ್ರು. ನಾ ಬಾಗಿಲ ಹಿಂದ ನಿಂತು ನೋಡ್ತಿದ್ದೆ.”

“ತಂದದ್ದರಾಗ ನಿನಗ ಅರ್ಧ ಕೊಡ್ತಿರಲಿಲ್ಲೇನು?”

“ಕಾಯಿ ಕೊಟ್ಟಿ. ಕಾಲು ತಾಗಸಾಕ ಒಂದಿನ ಬಿಟ್ಟಿಯೇನು?”

ಕೂಸು ಹಾಲು ಬಿಟ್ಟು ಅಳತೊಡಗಿತು. ಅವಳು ಅದನ್ನು ಇನ್ನೊಂದು ಮಗ್ಗುಲಿಗೆ ಬದಲಿಸುತ್ತ, “ಹೊಲಿಗಿ ಹಸಿ ಐತಿ, ಇಲ್ಲಂದ್ರ ಈಗ ಒದ್ದು ತೋರಸ್ತಿದ್ದೆ,” ಅಂದಳು. ತಮಾಷೆಯೋ ಸಿಟ್ಟೋ ನನಗೆ ತಿಳಿಯಲಿಲ್ಲ. ಅಂದು ಸಂಜೆಯವರೆಗೆ ನಾವು ಮಾತಾಡಲಿಲ್ಲ ಎಂದು ನನಗೆ ನೆನಪು. ರೇಣುಕಾ ಹಾಗೇನೂ ಇಲ್ಲ, ಸಾರಿಗೆ ಉಪ್ಪು ಕಮ್ಮಿ ಅಂತ ನೀ ಅಂದಿದ್ದಿ ಎನ್ನುತ್ತಾಳೆ.

ಅವಳು ಸುಳ್ಳು ಹೇಳುವವಳಲ್ಲ. ಆದರೆ ಅವ್ವ, ಅಳುವ ಮಗಳನ್ನು ಸಮಾಧಾನ ಮಾಡಲು ಏನು ಬೇಕಾದರೂ ಹೇಳುವವಳು.

ಎರಡನೆಯ ಸಲ

ಐದು ದಿನ ಬಿಟ್ಟು ಹೋದಾಗ ಕ್ರೇಗ್ ನನ್ನ ಸೊಂಟದ ಸುದ್ದಿ ಕೇಳುವ ಮೊದಲೇ ಉತ್ತರ ಹೇಳಿದ. ತಲೆ ಮುಂದಾಗಿಯೇ ಹುಟ್ಟಿದನಂತೆ, ಆದರೆ ಹೇಳಿದ ದಿನಕ್ಕಿಂತ ಎರಡು ವಾರ ತಡವಾಗಿ. ಅವನ ಅಮ್ಮ ಅದನ್ನಿನ್ನೂ ಕ್ಷಮಿಸಿಲ್ಲವಂತೆ. ಇಷ್ಟು ಕೇಳಿದ್ದಕ್ಕೆ ಅವಳು ಒಂದು ತಾಸು ಮಾತಾಡಿದಳಂತೆ, ಅವನಿಗೆ ಗೊತ್ತೇ ಇಲ್ಲದ್ದನ್ನೆಲ್ಲ.

ಈ ಸಲ ಅಡ್ಜಸ್ಟ್ ಎಂದಾಗ ನಾನು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದು ಅಲುಗಾಡದೆ ಮಲಗಿದೆ. ಅಷ್ಟು ಬಿಗಿ ಬೇಡ ಎಂದ. ಮತ್ತೆ ಅದೇ ತೆನೆ ಮುರಿದ ಸದ್ದು. ಇದರಿಂದಲೇ ವಾಸಿಯಾಗುತ್ತದೆಯೇ ಎಂದು ಕೇಳಿದೆ. ಹೀಗೆ ಹಿಡಿದ ಸೊಂಟ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಬಿಡುತ್ತದೆ, ಆ ವಾರಗಳನ್ನು ಸ್ವಲ್ಪ ಹಗುರ ಮಾಡಲು ನೋಡುತ್ತೇನೆ ಎಂದ. ಹೀಗೆ ಹೇಳುವವನನ್ನು ಕಂಡು ನನಗೆ ದಣಿವಾಯಿತು. ಖಾತ್ರಿ ಕೊಡುವವರ ಹತ್ತಿರ ಹೋಗುವುದೇ ಸುಲಭ.

ಮನೆಗೆ ಬಂದು ಹೀಟರಿನ ಮುಂದೆ ಚಾಪೆಯ ಮೇಲೆ ಬೋರಲು ಮಲಗಿದ್ದೆ. ರೇಣುಕಾ ಕೂಸನ್ನು ಎತ್ತಿಕೊಂಡು ಬಂದು ಪಕ್ಕದಲ್ಲಿ ನಿಧಾನ ಕೂತಳು. ಕೂಸಿನ ಕಾಲಿನ ಚೀಲ ಬಿಚ್ಚುವುದು ಕೇಳಿಸಿತು.

“ಏನ್ ಮಾಡಾಕತ್ತಿ?”

“ನಂದೂ ಬ್ಯಾಡ, ನಿಂದೂ ಬ್ಯಾಡ. ಇವಂದರ ಖಾತ್ರಿ ಐತಿ. ಸ್ಕ್ಯಾನಿಂಗ್‌ನಾಗ ಬಂದೈತಿ.”

“ಹೊಟ್ಟಿ ಕೊಯ್ದು ತಗದದ್ದು ಲೆಕ್ಕಕ್ಕ ಬರ್ತೈತೇನು?”

“ಮೊದಲು ಹೊರಗ ಬಂದದ್ದು ಕಾಲನ. ನಾ ನೋಡೀನಿ.” ಬಿಚ್ಚಿದ ಚೀಲ ಪಕ್ಕಕ್ಕಿಟ್ಟು, “ಅಡ್ಡ ಪರದೆ ಕಟ್ಟಿದ್ರು. ಡಾಕ್ಟರು ಹೇಳಿದ್ರು,” ಅಂದಳು.

ಅವಳು ಕೂಸಿನ ಕಂಕುಳು ಹಿಡಿದು ನನ್ನ ಸೊಂಟದ ಮೇಲೆ ನಿಲ್ಲಿಸಿದಳು. ಎರಡು ಬೆಚ್ಚನೆಯ ಹಿಡಿ, ಭಾರವೇ ಇಲ್ಲ. ಕೂಸು ಮೊಣಕಾಲು ಮಡಚಿತು, ಚಾಚಿತು. ಒದೆಯಿತು ಎನ್ನಬಹುದು. ಮೂರು ಸಲವೋ ನಾಲ್ಕು ಸಲವೋ, ಇಬ್ಬರೂ ಎಣಿಸಲಿಲ್ಲ. ಆಮೇಲೆ ನನ್ನ ಬೆನ್ನಿನ ಮೇಲೆ ಬೆಚ್ಚಗೆ ಉಚ್ಚೆ ಹೊಯ್ದಿತು.

“ಬಿಡ್ತು ನೋಡು,” ಅಂದಳು ರೇಣುಕಾ. ಬಹಳ ದಿನದ ಮೇಲೆ, ಹೊಲಿಗೆ ಹಿಡಿದುಕೊಂಡು, ಅವಳು ನಕ್ಕಳು.

ಮಾರನೆಯ ಬೆಳಿಗ್ಗೆಯೇ ಅಲ್ಲ. ಮೂರನೆಯ ಬೆಳಿಗ್ಗೆ ಇರಬೇಕು. ಗೋಡೆ ಹಿಡಿಯದೆ ಎದ್ದೆ. ಸೂಲಗಿತ್ತಿ ಬಂದು ನನ್ನನ್ನು ಬಗ್ಗಿಸಿ, ಎಬ್ಬಿಸಿ, ಸರಿ ಎಂದಳು. ಗಾಜಿನ ಕಪಾಟಿನಲ್ಲಿ ಮಣೆಯ ಮೇಲೆ ಕೂತು, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿದೆ. ರೇಣುಕಾ ಕೂಸನ್ನು ಕಾಲ ಮೇಲೆ ಇಳಿಸಿದಳು. ಅವಳು ಬಾಗಿಲಲ್ಲಿ, ಮಂಜುನಾಥ ಅವಳ ಹಿಂದೆ ಟವೆಲ್ ಹಿಡಿದು. ನೀರು ಹಾಕಿದೆ, ತಿರುಗಿಸಿದೆ, ಮತ್ತೆ ಹಾಕಿದೆ. ಟವೆಲ್ ಬೇಕಾಗಲಿಲ್ಲ. ಹೊರಡುವವರೆಗೆ ಹದಿನೆಂಟು ದಿನ ದಿನಾಲೂ ನಾನೇ ಎರೆದೆ.

ಕಿಟಕಿಯ ಹಿಂದೆ

ಊರಿಗೆ ಬಂದು ಒಂದು ವಾರ ಆಗಿತ್ತು. ಹಳ್ಳಿಯ ಹೆಂಗಸೊಬ್ಬಳು ಚೀಟಿ ಕೊಟ್ಟು ಮಾತ್ರೆ ತೆಗೆದುಕೊಂಡಳು, ಹೋಗಲಿಲ್ಲ. ಸೊಂಟದ ಮೇಲೆ ಕೈ.

“ಅಕ್ಕಾರ, ಹಂಗ ಒಂದೀಟು ಕಾಲು ತಾಗಸ್ರಿ.”

ಇದೇ ಮೊದಲ ಸಲ ನಿಜ ಹೇಳಿದೆ, ಅಥವಾ ನಿಜ ಇರಬಹುದಾದದ್ದನ್ನು. “ನಾನಲ್ಲವಾ. ಕಾಲು ಮುಂದ ಹುಟ್ಟಿದಾಕಿ ನನ್ನ ತಂಗಿ ಅಂತ ಕಾಣ್ತೈತಿ.”

“ಹೌದೇನ್ರಿ? ಎಲ್ಲದಾರ ಅವರು?”

“ನ್ಯೂಜಿಲೆಂಡಿನಾಗ.”

ಅವಳು ಅದು ಹೂವಿನಹಡಗಲಿಯ ಆಚೆಗೋ ಈಚೆಗೋ ಎಂದು ಯೋಚಿಸಿದಂತೆ ಕಂಡಿತು.

“ಅಷ್ಟು ದೂರ ನನಗ ಆಗಂಗಿಲ್ರಿ,” ಅಂದಳು. “ನೀವ ಸ್ವಲ್ಪ ಅಡ್ಜಸ್ಟ್ ಮಾಡ್ರಿ.”

ಕಾಲು ಜೋಮು ಹಿಡಿಯುತ್ತದೆಯೇ, ಜ್ವರ ಇದೆಯೇ, ಬಿದ್ದಿದ್ದೆಯೇ ಎಂದೆಲ್ಲ ಕೇಳಿದೆ. ಎಲ್ಲಕ್ಕೂ ಇಲ್ಲ ಎಂದಳು. ಹೊರಗೆ ಬಂದು ಚಪ್ಪಲಿ ಬಿಟ್ಟೆ. ಅವಳು ಗೋಡೆಗೆ ಮುಖ ಮಾಡಿ ನಿಂತಳು. ಎಡಗಾಲಿನಿಂದ ಮೂರು ಸಲ ತಾಗಿಸಿದೆ.

ಹುಷಾರಾದರೆ ಬಂದು ಹೇಳು ಎಂದಿದ್ದೆ. ಅವಳು ಬರಲಿಲ್ಲ. ಸೊಂಟ ಬಿಟ್ಟಿತೋ, ಬೇರೆ ಯಾರ ಹತ್ತಿರವಾದರೂ ಹೋದಳೋ, ಇನ್ನೂ ಹಾಗೆಯೇ ಬಗ್ಗಿ ಕಳೆ ತೆಗೆಯುತ್ತಿದ್ದಾಳೋ ಗೊತ್ತಿಲ್ಲ. ನನ್ನ ಸೊಂಟ ಯಾವುದರಿಂದ ಬಿಟ್ಟಿತು ಎಂಬುದು ಗೊತ್ತಿಲ್ಲ. ನಾನು ಹೇಗೆ ಹುಟ್ಟಿದೆ ಎಂಬುದೂ ಗೊತ್ತಿಲ್ಲ.